ಮಾತು ಬಿಟ್ಟ ದೇಶಗಳು ಒಂದೇ ಹೊಳೆಯ ನೀರು ಹಂಚಿಕೊಳ್ಳುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವನು. ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಫ್ರಾನ್ಸ್ ಮತ್ತು ಜರ್ಮನಿ ಕಲ್ಲಿದ್ದಲು, ಉಕ್ಕನ್ನು ಒಟ್ಟಿಗೆ ಸೇರಿಸಿದವು, ಹಳೆ ವೈರ ಮುಗಿಯಿತು ಅಂತ ಪುಸ್ತಕದಲ್ಲಿದೆ. ಅಷ್ಟು ಸುಲಭನಾ? ವ್ಯಾಪಾರ, ನದಿ, ಪರಿಸರದ ಒಪ್ಪಂದಗಳಿಂದ ವೈರಿ ದೇಶಗಳು ನಿಜವಾಗಿ ಹತ್ತಿರ ಆಗುತ್ತವಾ? ಹಾಗಿದ್ದರೆ ಸಿಂಧೂ ಒಪ್ಪಂದ ಯಾಕೆ ನಿಂತಿತು? ನಮ್ಮದು ತೊಗರಿ ಬೆಳೆಯುವ ಮನೆ. ‘ಇದರಿಂದ ನಮಗೇನು ಬಂತು’ ಅಂತ ಅಪ್ಪ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಉತ್ತರ: ನಿಮ್ಮ ಅಪ್ಪ ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. ಅದಕ್ಕೆ ಖಂಡಿತ ಬರುತ್ತೇನೆ. ಅದಕ್ಕೂ ಮೊದಲು ಒಂದು ಬಾವಿಯ ವಿಷಯ ಹೇಳಬೇಕು.

ನನ್ನ ತಾಯಿಯ ತವರು ಅಫಜಲಪುರದ ಕಡೆ, ಭೀಮಾ ದಂಡೆಗೆ ಹತ್ತಿರ. ಅಲ್ಲಿ ನಮ್ಮ ಮನೆಯ ಪಕ್ಕದ ಹೊಲ ಇಬ್ಬರು ಅಣ್ಣತಮ್ಮಂದಿರದು. ಬದುವಿನ ಜಗಳ ಕೋರ್ಟಿಗೆ ಹೋಗಿತ್ತು. ಹತ್ತು ವರ್ಷದ ಮೇಲೆ ಇಬ್ಬರೂ ಮಾತು ಬಿಟ್ಟಿದ್ದರು. ಎದುರಿಗೆ ಸಿಕ್ಕರೆ ಮುಖ ತಿರುಗಿಸಿ ಹೋಗುತ್ತಿದ್ದರು. ಆದರೆ ಬಾವಿ ಒಂದೇ, ಮೋಟಾರೂ ಒಂದೇ. ಕರೆಂಟ್ ಇರುವುದು ದಿನಕ್ಕೆ ಕೆಲವೇ ತಾಸು. ಮೋಟಾರ್ ಕೋಣೆಯ ಗೋಡೆಗೆ ಒಂದು ಮೊಳೆ, ಮೊಳೆಗೆ ಸುತಲಿ, ಸುತಲಿಗೆ ಒಂದು ಉದ್ದನೆ ವಹಿ ಕಟ್ಟಿತ್ತು. ತಾರೀಖು, ಎಷ್ಟು ತಾಸು ಓಡಿತು, ಯಾರ ಪಾಳಿ, ಇಷ್ಟೇ ಅದರಲ್ಲಿ. ಹಾಳೆಗಳ ಮೇಲೆಲ್ಲ ಎಣ್ಣೆ ಕೈಯ ಗುರುತು. ಮೋಟಾರ್ ಸುಟ್ಟರೆ ರಿವೈಂಡಿಂಗ್ ಖರ್ಚು ಅರ್ಧ ಅರ್ಧ, ಅದೂ ಅಲ್ಲೇ ಬರೆದಿರುತ್ತಿತ್ತು. ಒಮ್ಮೆ ತಮ್ಮನ ಹೆಂಡತಿ ಕೂಡಿಸಿ ನೋಡಿ, ‘ಮಂಗಳವಾರ ನಮಗೆ ಎರಡು ತಾಸು ಕಡಿಮೆ’ ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಳು. ಅಣ್ಣ ಅದರ ಕೆಳಗೆ ‘ಶುಕ್ರವಾರ ತಗೊಳ್ಳಿ’ ಅಂತ ಬರೆದ. ಮಾತಿಲ್ಲ. ಆದರೆ ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

ಮುಂದೆ ಅವರು ಒಂದಾದರಾ ಅಂತ ನೀವು ಕೇಳಬಹುದು. ಅಣ್ಣನ ಮಗಳ ಮದುವೆಗೆ ತಮ್ಮ ಬಂದ. ಅಕ್ಕಿಕಾಳು ಹಾಕಿದ, ಊಟ ಮಾಡದೆ ಹೋದ. ನನಗೆ ಗೊತ್ತಿರುವುದು ಅಷ್ಟೇ.

ಕಲಬುರಗಿಯಲ್ಲಿ ಮೂವತ್ತು ವರ್ಷ ಅಂತರರಾಷ್ಟ್ರೀಯ ರಾಜಕೀಯ ಪಾಠ ಮಾಡಿದ್ದೇನೆ. ಪ್ರತಿ ವರ್ಷ ಈ ಪಾಠ ಬಂದಾಗ ಆ ವಹಿ ಕಣ್ಣ ಮುಂದೆ ಬರುತ್ತಿತ್ತು. ವೈರ ಮರೆತು ಆಮೇಲೆ ಕೂಡಿ ಕೆಲಸ ಮಾಡಿದ ದೇಶ ನನಗೆ ಒಂದೂ ಕಾಣಲಿಲ್ಲ. ವೈರ ಇರುವಾಗಲೇ ಯಾವುದೋ ಒಂದು ವಸ್ತುವಿನ ಲೆಕ್ಕವನ್ನು ಒಂದೇ ವಹಿಯಲ್ಲಿ ಬರೆಯಲು ಒಪ್ಪಿದ ದೇಶಗಳು ಮಾತ್ರ ಕಂಡಿವೆ. ಕೆಲವು ಕಡೆ ಸ್ನೇಹ ಆಮೇಲೆ ಬಂತು. ಕೆಲವು ಕಡೆ ಬರಲೇ ಇಲ್ಲ.

ಈಗ ನಿಮ್ಮ ಕಲ್ಲಿದ್ದಲಿಗೆ ಬರೋಣ. ಫ್ರಾನ್ಸ್ ಮತ್ತು ಜರ್ಮನಿ 1870, 1914, 1939ರಲ್ಲಿ ಯುದ್ಧಕ್ಕೆ ಇಳಿದವು. ಎಪ್ಪತ್ತು ವರ್ಷದಲ್ಲಿ ಮೂರು ಸಲ. ಮೂರನೆಯದು ಮುಗಿದು ಐದು ವರ್ಷ ಆಗಿತ್ತು. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್ ಒಂದು ಪ್ರಸ್ತಾಪ ಇಟ್ಟರು. ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪಾದನೆಯನ್ನು ಒಂದೇ ಮೇಲಧಿಕಾರದ ಕೆಳಗೆ ತರೋಣ, ಬೇರೆ ದೇಶಗಳೂ ಬರಬಹುದು ಅಂತ. ಅದರ ಕರಡು ತಯಾರಿಸಿದವರಲ್ಲಿ ಮುಖ್ಯರು ಜಾನ್ ಮೊನೆ. ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಕೂಡ ಸೇರಿಕೊಂಡವು. ‘ಯುರೋಪಿನ ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯ’ ಅನ್ನುವ ಸಂಸ್ಥೆ ಕಟ್ಟುವ ಒಪ್ಪಂದಕ್ಕೆ 1951ರ ಏಪ್ರಿಲ್ 18ರಂದು ಪ್ಯಾರಿಸ್‌ನಲ್ಲಿ ಸಹಿ ಆಯಿತು, 1952ರಲ್ಲಿ ಜಾರಿಗೆ ಬಂತು. ಒಪ್ಪಂದದ ಅವಧಿ 50 ವರ್ಷ. ಸರಿಯಾಗಿ 2002ರಲ್ಲಿ ಮುಗಿಯಿತು.

ಬೇರೆ ಏನೂ ಸಿಗಲಿಲ್ಲವಾ, ಕಲ್ಲಿದ್ದಲೇ ಯಾಕೆ? ತೋಪು, ಟ್ಯಾಂಕು ಆಗುವುದೇ ಉಕ್ಕಿನಿಂದ. ಉಕ್ಕು ಕಾಯಿಸಲು ಕಲ್ಲಿದ್ದಲು ಬೇಕು. ಎಷ್ಟು ಟನ್ ಎಲ್ಲಿ ಹೋಯಿತು ಅಂತ ಎದುರಿನವನಿಗೂ ಗೊತ್ತಾದರೆ ಗುಟ್ಟಾಗಿ ಯುದ್ಧದ ತಯಾರಿ ಮಾಡುವುದು ಕಷ್ಟ. ಫ್ರಾನ್ಸಿನ ಲೊರೇನ್‌ನಲ್ಲಿ ಕಬ್ಬಿಣದ ಅದಿರು ಇತ್ತು, ಜರ್ಮನಿಯ ರೂರ್‌ನಲ್ಲಿ ಕಲ್ಲಿದ್ದಲು ಇತ್ತು. ಒಬ್ಬರದು ಇನ್ನೊಬ್ಬರಿಗೆ ಬೇಕಿತ್ತು. ಸೋತ ಜರ್ಮನಿಗಂತೂ ಗೆದ್ದವರ ಹಿಡಿತದಿಂದ ಹೊರಬರಲು ಇದೊಂದು ಮರ್ಯಾದೆಯ ದಾರಿ.

ಇಷ್ಟು ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಪುಸ್ತಕಗಳು ಒಂದೇ ಸಾಲಿನಲ್ಲಿ ದಾಟಿಬಿಡುವ ಒಂದು ವಿಷಯವಿದೆ. ನನ್ನ ಮಟ್ಟಿಗೆ ಮುಖ್ಯ ಅದೇ. ಮಾರುಕಟ್ಟೆ ಒಂದಾದರೆ ಯಾರಿಗೋ ಲಾಭ, ಯಾರಿಗೋ ನಷ್ಟ. ಬೆಲ್ಜಿಯಂನ ಗಣಿಗಳು ಹಳೆಯವು, ಆಳವಾದವು. ಅಲ್ಲಿ ಕಲ್ಲಿದ್ದಲು ತೆಗೆಯುವ ಖರ್ಚು ಜಾಸ್ತಿ. ಜರ್ಮನಿಯ ಅಗ್ಗದ ಕಲ್ಲಿದ್ದಲು ಗಡಿ ದಾಟಿ ಬಂದರೆ ಆ ಗಣಿಗಳು ಮುಚ್ಚಬೇಕು. ಆಗ ಏನು ಮಾಡಿದರು ಗೊತ್ತಾ? ಜರ್ಮನಿ ಮತ್ತು ನೆದರ್ಲೆಂಡ್ಸ್ ಕಲ್ಲಿದ್ದಲಿನ ಮೇಲೆ ಒಂದು ತೆರಿಗೆ ಹಾಕಿದರು. ಆ ಹಣವನ್ನು ಕೆಲವು ವರ್ಷ ಬೆಲ್ಜಿಯಂನ ಗಣಿಗಳಿಗೆ ಕೊಟ್ಟರು, ಅಷ್ಟರಲ್ಲಿ ಸುಧಾರಿಸಿಕೊಳ್ಳಲಿ ಅಂತ. ಇದಲ್ಲದೆ ಆರೂ ದೇಶಗಳ ಕಲ್ಲಿದ್ದಲು, ಉಕ್ಕಿನ ಮೌಲ್ಯದ ಮೇಲೆ ನೂರಕ್ಕೆ ಒಂದು ಪಾಲಿನ ತನಕ ವಂತಿಗೆ ಎತ್ತುವ ಅಧಿಕಾರ ಆ ಸಂಸ್ಥೆಗೇ ಇತ್ತು. ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರಿಗೆ ಬೇರೆ ಕೆಲಸ ಕಲಿಸಲು, ಅವರಿಗೆ ಮನೆ ಕಟ್ಟಲು ಆ ಹಣ ಬಳಸಿದರು. ಗೆದ್ದವನ ಗಲ್ಲಾಪೆಟ್ಟಿಗೆಯಿಂದ ತೆಗೆದು ಸೋತವನಿಗೆ ಕೊಡುವ ವ್ಯವಸ್ಥೆ ಒಪ್ಪಂದದ ಒಳಗೇ ಇತ್ತು. ಈ ಮಾತು ನೆನಪಿಟ್ಟುಕೊಳ್ಳಿ. ನಿಮ್ಮ ಅಪ್ಪನಿಗೆ ಉತ್ತರ ಕೊಡುವಾಗ ಬೇಕಾಗುತ್ತದೆ.

ಹಾಗಾದರೆ ಸುಲಭ ಅಂತೀರಾ ಅಂದರೆ, ಅಲ್ಲ. ಸುಲಭ ಅಲ್ಲ ಅನ್ನುವುದಕ್ಕೆ ರೈನ್ ನದಿಯನ್ನು ನೋಡಿ.

ರೈನ್ ಸ್ವಿಟ್ಜರ್ಲೆಂಡ್‌ನ ಬೆಟ್ಟದಲ್ಲಿ ಹುಟ್ಟಿ, ಫ್ರಾನ್ಸ್–ಜರ್ಮನಿಯ ಗಡಿಯಾಗಿ ಹರಿದು, ಜರ್ಮನಿಯ ಕಾರ್ಖಾನೆಗಳ ನಡುವೆ ಸಾಗಿ, ನೆದರ್ಲೆಂಡ್ಸ್‌ನಲ್ಲಿ ಸಮುದ್ರ ಸೇರುತ್ತದೆ. ಮೇಲಿನವರು ಬಿಟ್ಟ ಕೊಳೆಯೆಲ್ಲ ಕೆಳಗಿನ ಡಚ್ಚರ ಪಾಲು. 1950ರ ಜುಲೈ 11ರಂದು ಐದು ದೇಶಗಳು ಬಾಸೆಲ್‌ನಲ್ಲಿ ಕೂತು ರೈನ್ ರಕ್ಷಣೆಗೆ ಒಂದು ಆಯೋಗ ಮಾಡಿಕೊಂಡವು. ಶೂಮನ್ ಮಾತಾಡಿ ಎರಡು ತಿಂಗಳು ಆಗಿತ್ತು, ಅಷ್ಟೇ. ಮೊದಲ ಅನೇಕ ವರ್ಷ ಆ ಆಯೋಗ ಮಾಡಿದ ಮುಖ್ಯ ಕೆಲಸ ಒಂದೇ, ನೀರನ್ನು ಅಳೆಯುವುದು. ಎಲ್ಲರೂ ಒಂದೇ ರೀತಿ ಅಳೆಯಬೇಕು, ಎಲ್ಲರ ಅಂಕಿಯೂ ಒಂದೇ ಕಡೆ ಇರಬೇಕು. ಓದುವವರಿಗೆ ಸಪ್ಪೆ ಅನ್ನಿಸಬಹುದು. ನನಗೆ ಆ ಸುತಲಿ ಕಟ್ಟಿದ ವಹಿ ನೆನಪಾಗುತ್ತದೆ.

ಅಲ್ಲಿನ ದೊಡ್ಡ ತಕರಾರು ಉಪ್ಪಿನದು. ನೀವು ಹೊಲಕ್ಕೆ ಹಾಕುವ ಪೊಟ್ಯಾಷ್ ಇದೆಯಲ್ಲ, ಅದರ ಗಣಿ ಫ್ರಾನ್ಸಿನ ಅಲ್ಸಾಸ್‌ನಲ್ಲಿತ್ತು. ಪೊಟ್ಯಾಷ್ ತೆಗೆದ ಮೇಲೆ ರಾಶಿ ರಾಶಿ ಉಪ್ಪು ಉಳಿಯುತ್ತದೆ. ಅದನ್ನು ನದಿಗೆ ಬಿಡುತ್ತಿದ್ದರು. ಕೆಳಗೆ ನೆದರ್ಲೆಂಡ್ಸ್‌ನಲ್ಲಿ ಗಾಜಿನ ಮನೆ ಕಟ್ಟಿ ಸಸಿ, ಹೂ, ತರಕಾರಿ ಬೆಳೆಯುವವರು ಅದೇ ನೀರು ಹಾಯಿಸಬೇಕು. ಗಿಡ ಸುಟ್ಟುಹೋಗುತ್ತಿದ್ದವು. ಸವಳು ಜವಳು ಅಂದರೆ ಏನು ಅಂತ ನಾರಾಯಣಪುರ ಕಾಲುವೆ ಕೆಳಗಿನ ಶಹಾಪುರ, ಸುರಪುರದವರಿಗೆ ನಾನು ಹೇಳಿಕೊಡಬೇಕಾ? ಬಿಳಿ ಪದರ ಕಟ್ಟಿದ ಹೊಲ ನೀವು ಕಣ್ಣಾರೆ ನೋಡಿದ್ದೀರಿ. ಒಬ್ಬ ಡಚ್ ಸಸಿ ಬೆಳೆಗಾರ ಮತ್ತು ಒಂದು ನೀರಿನ ಸಂಘಟನೆ ಕೋರ್ಟಿಗೆ ಹೋದರು. ಹಾನಿ ಆದ ಊರಿನ ಕೋರ್ಟಿನಲ್ಲೂ ಫ್ರಾನ್ಸಿನ ಗಣಿಯ ಮೇಲೆ ದಾವೆ ಹೂಡಬಹುದು ಅಂತ ಯುರೋಪಿನ ನ್ಯಾಯಾಲಯ 1976ರಲ್ಲಿ ಹೇಳಿತು. ಗಡಿಯಾಚೆಯವನು ನನ್ನ ಬೆಳೆ ಕೆಡಿಸಿದರೆ ನನ್ನ ಊರಿನ ಕೋರ್ಟಿನಲ್ಲೇ ಕೇಳಬಹುದು. ಒಬ್ಬ ರೈತನಿಗೆ ಎಷ್ಟು ದೊಡ್ಡ ವಿಷಯ ಇದು, ಅಲ್ವಾ?

ಅದೇ ವರ್ಷ ಉಪ್ಪಿನ ಒಪ್ಪಂದಕ್ಕೂ ಸಹಿ ಆಯಿತು. ಉಪ್ಪು ನದಿಗೆ ಬೀಳದಂತೆ ಮಾಡುವ ಖರ್ಚನ್ನು ಹಂಚಿಕೊಂಡ ರೀತಿ ನೋಡಿ. ಫ್ರಾನ್ಸ್ 30 ಪಾಲು, ಜರ್ಮನಿ 30, ಸ್ವಿಟ್ಜರ್ಲೆಂಡ್ 6, ನೆದರ್ಲೆಂಡ್ಸ್ 34. ಹೌದು, ಎಲ್ಲರಿಗಿಂತ ಜಾಸ್ತಿ ಕೊಟ್ಟವರು ಉಪ್ಪು ಕುಡಿದವರೇ. ನ್ಯಾಯ ಅನ್ನಿಸುವುದಿಲ್ಲ. ತರಗತಿಯಲ್ಲಿ ವಿದ್ಯಾರ್ಥಿಗಳು ಪ್ರತಿ ಸಲ ಇದಕ್ಕೆ ಸಿಟ್ಟಾಗುತ್ತಿದ್ದರು. ನನಗೂ ಮೊದಲು ಸಿಟ್ಟು ಬಂದಿತ್ತು. ಆದರೆ ಕೆಳಗಿರುವವನಿಗೆ ಬೇಕಾದ್ದು ಸಿಹಿ ನೀರು. ಅದಕ್ಕಾಗಿ ಡಚ್ಚರು ತಮ್ಮ ಪಾಲಿಗಿಂತ ಜಾಸ್ತಿ ಕೊಡಲು ಒಪ್ಪಿದರು. ಇಷ್ಟಾದರೂ ಒಪ್ಪಂದ ಜಾರಿಗೆ ಬಂದಿದ್ದು 1985ರಲ್ಲಿ. ಫ್ರಾನ್ಸಿನ ಒಳಗೇ ವಿರೋಧ ಇತ್ತು. ಒಂಬತ್ತು ವರ್ಷ ಕಾಯಬೇಕಾಯಿತು.

ಆಮೇಲೆ 1986ರ ನವೆಂಬರ್ 1ರ ರಾತ್ರಿ ಬಂತು. ಬಾಸೆಲ್ ಹತ್ತಿರ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಕೀಟನಾಶಕಗಳಿದ್ದವು. ಬೆಂಕಿ ಆರಿಸಲು ಹೊಡೆದ ನೀರಿನ ಜೊತೆ ಅವು ನದಿಗೆ ಇಳಿದವು. ರೈನ್ ಕೆಂಪಾಗಿ ಹರಿಯಿತು. ಲಕ್ಷಕ್ಕೂ ಮೇಲೆ ಹಾವುಮೀನುಗಳು ಸತ್ತು ತೇಲಿದವು. ಕೆಳಗಿನ ದೇಶಗಳಿಗೆ ಸರಿಯಾದ ಸುದ್ದಿ ತಲುಪಿದ್ದು ತಡವಾಗಿ. ಅವತ್ತಿನ ಭಯ ಹತ್ತು ಸಮ್ಮೇಳನ ಮಾಡದ ಕೆಲಸವನ್ನು ಒಂದೇ ವರ್ಷದಲ್ಲಿ ಮಾಡಿಸಿತು. 1987ರಲ್ಲಿ ಎಲ್ಲರೂ ಸೇರಿ ಒಂದು ಕಾರ್ಯಕ್ರಮಕ್ಕೆ ಒಪ್ಪಿದರು. ಅದರ ಗುರಿಯನ್ನು ಊರಿನ ಮಗುವಿಗೂ ಅರ್ಥವಾಗುವ ಹಾಗೆ ಇಟ್ಟರು: 2000ನೇ ಇಸವಿ ಹೊತ್ತಿಗೆ ಸಾಲ್ಮನ್ ಮೀನು ರೈನ್‌ಗೆ ವಾಪಸ್ ಬರಬೇಕು. 1950ರ ದಶಕದಲ್ಲೇ ಆ ಮೀನು ಅಲ್ಲಿಂದ ಮಾಯವಾಗಿತ್ತು. 1990ರ ದಶಕದಲ್ಲಿ ಸಾಲ್ಮನ್ ಮತ್ತೆ ಕಾಣಿಸಿತು. 2000ರಲ್ಲಿ ಇಫೆಟ್ಸ್‌ಹೈಮ್ ಅಣೆಕಟ್ಟಿನಲ್ಲಿ ಮೀನು ಮೇಲೆ ಹತ್ತಿ ಹೋಗಲು ದಾರಿ ಮಾಡಿಕೊಟ್ಟರು. ವಿಷ ಬಿದ್ದರೆ ಮೇಲಿನ ಠಾಣೆಯಿಂದ ಕೆಳಗಿನ ಠಾಣೆಗೆ ತಕ್ಷಣ ಎಚ್ಚರಿಕೆ ಹೋಗುವ ವ್ಯವಸ್ಥೆಯನ್ನೂ ಗಟ್ಟಿ ಮಾಡಿಕೊಂಡರು.

ಇದನ್ನು ಓದುವಾಗಲೆಲ್ಲ ನನಗೆ 2020ರ ಅಕ್ಟೋಬರ್ ನೆನಪಾಗುತ್ತದೆ. ಮಹಾರಾಷ್ಟ್ರದಲ್ಲಿ ಮಳೆ ಹೊಯ್ದು, ಉಜನಿ ಮತ್ತು ವೀರ್ ಅಣೆಕಟ್ಟಿನಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಭೀಮಾಕ್ಕೆ ಬಂತು. ಅಫಜಲಪುರ, ಜೇವರ್ಗಿಯಿಂದ ನಿಮ್ಮ ಯಾದಗಿರಿ ತನಕ ಊರುಗಳಿಗೆ ನೀರು ನುಗ್ಗಿತು. ಕಾಯಿ ಕಟ್ಟುವ ಮೊದಲೇ ತೊಗರಿ ಕೊಳೆಯಿತು. ನಮ್ಮ ಸಂಬಂಧಿಕರ ಮನೆಯಲ್ಲಿ ಜೋಳದ ಚೀಲಗಳನ್ನು ಮಾಳಿಗೆಗೆ ಹತ್ತಿಸಲು ಹೊತ್ತು ಸಿಗಲಿಲ್ಲ. ಎರಡು ರಾಜ್ಯ, ಒಂದೇ ದೇಶ. ಮೇಲಿನ ಗೇಟ್ ಎಷ್ಟು ಹೊತ್ತಿಗೆ ಎಷ್ಟು ಎತ್ತಿದರು ಅನ್ನುವ ಒಂದು ಅಂಕಿ ಕೆಳಗಿನ ಹಳ್ಳಿಗೆ ಆರು ತಾಸು ಮೊದಲು ಸಿಕ್ಕರೆ ಎಷ್ಟು ಚೀಲ ಉಳಿಯುತ್ತವೆ ಅಂತ ನೀವೇ ಲೆಕ್ಕ ಹಾಕಿ. ನದಿ ರಾಜತಾಂತ್ರಿಕತೆ ಅಂದರೆ ಮೊದಲು ಇದೇ.

ವಿಯೆಟ್ನಾಂ ಮತ್ತು ಅಮೆರಿಕದ ವಿಷಯ ಬೇರೆ ಥರದ್ದು. ಅಲ್ಲಿ ಹಂಚಿಕೊಳ್ಳಲು ನದಿ ಇರಲಿಲ್ಲ. ಯುದ್ಧದಲ್ಲಿ ಕಾಡಿನ ಎಲೆ ಉದುರಿಸಲು ಅಮೆರಿಕ ವಿಮಾನದಿಂದ ಏಜೆಂಟ್ ಆರೆಂಜ್ ಅನ್ನುವ ಕಳೆನಾಶಕ ಸುರಿದಿತ್ತು. ಅದರಲ್ಲಿದ್ದ ಡಯಾಕ್ಸಿನ್ ಅನ್ನುವ ವಿಷ ಮಣ್ಣು ಬಿಟ್ಟು ಹೋಗುವುದಿಲ್ಲ. ಯುದ್ಧ 1975ರಲ್ಲಿ ಮುಗಿಯಿತು. ಇಪ್ಪತ್ತು ವರ್ಷ ಸಂಬಂಧವೇ ಇರಲಿಲ್ಲ. ದಾರಿ ತೆರೆದಿದ್ದು ಒಂದು ಪಟ್ಟಿ: ಕಾಣೆಯಾದ ಅಮೆರಿಕನ್ ಸೈನಿಕರ ಪಟ್ಟಿ. 1988ರಿಂದ ಎರಡೂ ದೇಶದವರು ಒಟ್ಟಿಗೆ ಕಾಡಿಗೆ ಹೋಗಿ ಮೂಳೆ ಹುಡುಕಿದರು. 1994ರಲ್ಲಿ ವ್ಯಾಪಾರ ನಿರ್ಬಂಧ ಹೋಯಿತು, 1995ರ ಜುಲೈನಲ್ಲಿ ರಾಜತಾಂತ್ರಿಕ ಸಂಬಂಧ ಶುರುವಾಯಿತು, 2001ರಲ್ಲಿ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ವಿಷದ ಮಣ್ಣಿನ ಸರದಿ ಬಂದಿದ್ದು ಕೊನೆಗೆ. ಡಾ ನಾಂಗ್ ವಿಮಾನ ನಿಲ್ದಾಣದಲ್ಲಿ 2012ರಿಂದ 2018ರ ತನಕ ಕೆಲಸ ನಡೆಯಿತು. ಮಣ್ಣನ್ನು ಅಗೆದು ದೊಡ್ಡ ಕಾಂಕ್ರೀಟ್ ಗೂಡಿನಲ್ಲಿ ತುಂಬಿ, ನಮ್ಮ ಇಟ್ಟಿಗೆ ಭಟ್ಟಿಯ ಹಾಗೆ ಒಳಗಿಂದ ಕಾಯಿಸಿದರು. ಶಾಖ 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಡಯಾಕ್ಸಿನ್ ಒಡೆಯುತ್ತದೆ. ಹೀಗೆ ಸುಟ್ಟ ಮಣ್ಣು 90 ಸಾವಿರ ಘನ ಮೀಟರ್‌ಗೂ ಮೇಲೆ. ಈಗ ಅದಕ್ಕಿಂತ ದೊಡ್ಡ ಕೆಲಸ ಬಿಯೆನ್ ಹೋವಾ ವಾಯುನೆಲೆಯಲ್ಲಿ ನಡೆಯುತ್ತಿದೆ. 2025ರ ಆರಂಭದಲ್ಲಿ ಅಮೆರಿಕ ವಿದೇಶಿ ನೆರವನ್ನು ಏಕಾಏಕಿ ತಡೆದಾಗ ಆ ಕೆಲಸಕ್ಕೂ ಪೆಟ್ಟು ಬಿತ್ತು. ಅಗೆದ ವಿಷದ ಗುಂಡಿಯನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ ಅನ್ನುವುದು ದುಡ್ಡು ಕೊಡುವವರಿಗೆ ಮೊದಲೇ ಹೊಳೆಯಬೇಕಿತ್ತು. ನೋಡಿ, 1995ರಲ್ಲಿ ಕೈ ಕುಲುಕಿ, ಮಣ್ಣು ಕಾಯಿಸಲು ಶುರು ಮಾಡಲು ಹದಿನೇಳು ವರ್ಷ ಹಿಡಿಯಿತು. ವ್ಯಾಪಾರ ಬೇಗ ಬರುತ್ತದೆ. ಗಾಯ ತೊಳೆಯುವುದು ತಡ.

ಶೀತಲ ಸಮರದ ನಡುವೆ 1974ರಲ್ಲಿ ಬಾಲ್ಟಿಕ್ ಸಮುದ್ರದ ಸುತ್ತಲಿನ ಏಳು ದೇಶಗಳು ಆ ಸಮುದ್ರ ಕೊಳೆಯಾಗದಂತೆ ಕಾಯುವ ಒಪ್ಪಂದಕ್ಕೆ ಹೆಲ್ಸಿಂಕಿಯಲ್ಲಿ ಸಹಿ ಹಾಕಿದವು, ಸೋವಿಯತ್ ಒಕ್ಕೂಟ, ಎರಡೂ ಜರ್ಮನಿಗಳು ಸೇರಿ. ಪರೀಕ್ಷೆಗೆ ಅದನ್ನೂ ಓದಿಕೊಳ್ಳಿ.

ಈಗ ಸಿಂಧೂ. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರು ಮತ್ತು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಸಹಿ ಹಾಕಿದರು. ವಿಶ್ವ ಬ್ಯಾಂಕ್ ನಡುವೆ ಕೂತು ಮಾತುಕತೆ ನಡೆಸಿತ್ತು. ರಾವಿ, ಬಿಯಾಸ್, ಸಟ್ಲೆಜ್ ನಮಗೆ. ಸಿಂಧೂ, ಝೇಲಂ, ಚಿನಾಬ್‌ನ ನೀರು ಬಹುಪಾಲು ಅವರಿಗೆ. ಅಲ್ಲಿ ಬದಲಿ ಕಾಲುವೆ ಕಟ್ಟಿಕೊಳ್ಳಲು ಭಾರತ 6.2 ಕೋಟಿ ಪೌಂಡ್‌ಗೂ ಮೇಲೆ ಹಣವನ್ನು ಹತ್ತು ಕಂತಿನಲ್ಲಿ ಕೊಟ್ಟಿತು. 1965ರ ಯುದ್ಧದ ನಡುವೆಯೂ ಒಪ್ಪಂದ ನಿಲ್ಲಲಿಲ್ಲ. 1971ರಲ್ಲೂ ನಿಲ್ಲಲಿಲ್ಲ, ಕಾರ್ಗಿಲ್‌ನಲ್ಲೂ ನಿಲ್ಲಲಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಮರುದಿನ ಭಾರತ ಒಪ್ಪಂದವನ್ನು ಅಮಾನತಿನಲ್ಲಿ ಇಟ್ಟಿತು.

ಯಾಕೆ ನಿಂತಿತು ಅಂತ ಕೇಳಿದ್ದೀರಿ. ನಿಲ್ಲಿಸಿದ ಕಾರಣ ನೀರಿನದಲ್ಲ, ರಕ್ತದ್ದು. ಆದರೆ ಅಷ್ಟು ಗಟ್ಟಿಯಾಗಿದ್ದ ಒಪ್ಪಂದದ ಬುಡ ಯಾಕೆ ಆಳಕ್ಕೆ ಹೋಗಿರಲಿಲ್ಲ ಅನ್ನುವುದಕ್ಕೆ ನನ್ನದೊಂದು ಅಭಿಪ್ರಾಯ ಇದೆ. ಸಿಂಧೂ ಒಪ್ಪಂದ ಮನೆಯ ಪಾಲು ಪತ್ರ. ಮೂರು ನದಿ ನಿನಗೆ, ಮೂರು ನನಗೆ, ನಡುವೆ ಗೋಡೆ. ಎರಡೂ ಕಡೆ ಒಬ್ಬೊಬ್ಬ ಕಮಿಷನರ್ ಇದ್ದರು, ಅಂಕಿ ಕೊಡುತ್ತಿದ್ದರು, ಕೊಳ್ಳುತ್ತಿದ್ದರು, ವರ್ಷಕ್ಕೊಮ್ಮೆಯಾದರೂ ಕೂಡುತ್ತಿದ್ದರು. ಅದು ಸಣ್ಣ ಕೆಲಸವಲ್ಲ. ಆದರೆ ಇಬ್ಬರೂ ಸೇರಿ ನಡೆಸುವ ಒಂದು ಅಣೆಕಟ್ಟು ಇರಲಿಲ್ಲ, ಒಂದು ಕಾಲುವೆ ಇರಲಿಲ್ಲ, ಒಂದು ನಿಧಿ ಇರಲಿಲ್ಲ. ಒಪ್ಪಂದದಿಂದ ದಿನವೂ ಅನ್ನ ಉಣ್ಣುವ, ಅದು ಮುರಿದರೆ ಎರಡೂ ಕಡೆ ಬೀದಿಗೆ ಇಳಿಯುವ ಜನ ಹುಟ್ಟಲಿಲ್ಲ. ವ್ಯಾಪಾರವೂ ಹಾಗೇ. ಭಾರತ 1996ರಲ್ಲಿ ಪಾಕಿಸ್ತಾನಕ್ಕೆ ಕೊಟ್ಟಿದ್ದ ಅತ್ಯಾಪ್ತ ರಾಷ್ಟ್ರದ ಸ್ಥಾನವನ್ನು (ಬೇರೆ ದೇಶಗಳ ಸರಕಿಗಿಂತ ಜಾಸ್ತಿ ಸುಂಕ ಹಾಕುವುದಿಲ್ಲ ಅನ್ನುವ ಮಾತು) ಪುಲ್ವಾಮಾ ದಾಳಿ ಆದ ಮೇಲೆ 2019ರ ಫೆಬ್ರವರಿಯಲ್ಲಿ ಹಿಂದಕ್ಕೆ ಪಡೆಯಿತು. ಸರಕಿನ ಮೇಲೆ ನೂರಕ್ಕೆ 200 ಸುಂಕ ಹಾಕಿತು. ಅದೇ ಆಗಸ್ಟ್‌ನಲ್ಲಿ ಪಾಕಿಸ್ತಾನ ವ್ಯಾಪಾರ ನಿಲ್ಲಿಸಿತು. ಮೊದಲೇ ಸಣ್ಣದಿದ್ದ ಗಿಡ, ಕಿತ್ತವರಿಗೆ ಕೈ ನೋಯಲಿಲ್ಲ.

ಆದರೆ ಇದೇ ಎರಡು ದೇಶಗಳ ನಡುವೆ ಇನ್ನೊಂದು ವಹಿ ಇದೆ. ಯಾರೂ ಅದರ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ಅದು ಮಿಡತೆಯದು. ಮರುಭೂಮಿಯ ಮಿಡತೆಗೆ ಗಡಿ ಬೇಲಿ ಕಾಣಿಸುವುದಿಲ್ಲ. ಬಲೂಚಿಸ್ತಾನ, ಸಿಂಧ್‌ನಲ್ಲಿ ಮರಿ ಮಾಡಿ ಗಾಳಿ ಹಿಡಿದು ರಾಜಸ್ಥಾನಕ್ಕೆ ಬರುತ್ತದೆ. ಅಫ್ಘಾನಿಸ್ತಾನ, ಇರಾನ್, ಪಾಕಿಸ್ತಾನ, ಭಾರತ ನಾಲ್ಕೂ ಸೇರಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಡಿಯಲ್ಲಿ 1964ರಲ್ಲಿ ಒಂದು ಆಯೋಗ ಮಾಡಿಕೊಂಡವು. 1970ರ ದಶಕದಿಂದ ಭಾರತ ಮತ್ತು ಪಾಕಿಸ್ತಾನದ ಮಿಡತೆ ಅಧಿಕಾರಿಗಳು ಮಳೆಗಾಲದ ತಿಂಗಳುಗಳಲ್ಲಿ ಗಡಿಯಲ್ಲಿ ಸೇರುವ ಪದ್ಧತಿ ನಡೆದುಕೊಂಡು ಬಂತು, ನಮ್ಮ ಮುನಾಬಾವ್‌ನಲ್ಲಿ ಇಲ್ಲವೇ ಅವರ ಖೋಖ್ರಾಪಾರ್‌ನಲ್ಲಿ. ಯಾವ ಊರಲ್ಲಿ ಎಷ್ಟು ಮಿಡತೆ ಕಂಡಿತು, ಮಳೆ ಎಲ್ಲಿ ಬಿತ್ತು, ಯಾವ ಔಷಧಿ ಹೊಡೆದಿರಿ, ಇಷ್ಟೇ ಮಾತು. ಕ್ಯಾಮೆರಾ ಇಲ್ಲ, ಭಾಷಣ ಇಲ್ಲ. 2020ರಲ್ಲಿ ಮಿಡತೆ ದಂಡು ಅಮರಾವತಿ, ನಾಗಪುರದ ತನಕ ಬಂತು. ಆಗ ಬೀದರ್, ಕಲಬುರಗಿಯಲ್ಲೂ ಕೃಷಿ ಇಲಾಖೆಯವರು ರೈತರಿಗೆ ಎಚ್ಚರಿಕೆ ಕೊಟ್ಟಿದ್ದರು, ನೆನಪಿದೆಯಾ? ಅದು ಇಲ್ಲಿಗೆ ಬರಲಿಲ್ಲ. ಎಲ್ಲೋ ದೂರದ ಮರಳಿನಲ್ಲಿ ಇಬ್ಬರು ಕೀಟತಜ್ಞರು ಕೂತು ಲೆಕ್ಕ ಹೇಳಿಕೊಳ್ಳುವುದಕ್ಕೂ ಆಳಂದದ ಹೊಲಕ್ಕೂ ಸಂಬಂಧ ಇದೆ. ಸಂದರ್ಶನದಲ್ಲಿ ಭಾರತ–ಪಾಕಿಸ್ತಾನದ ಪ್ರಶ್ನೆ ಬಂದರೆ ಈ ಉದಾಹರಣೆ ಕೊಡಿ. ಬೇರೆಯವರು ಕೊಡುವುದು ಕಡಿಮೆ.

ಇನ್ನೊಂದು ತಪ್ಪು ತಿಳುವಳಿಕೆ ತೆಗೆಯಬೇಕು. ವ್ಯಾಪಾರ ಬೆಳೆದರೆ ಸಾಕು, ಶಾಂತಿ ತಾನೇ ಬರುತ್ತದೆ ಅಂತ ಬಹಳ ಜನ ಬರೆಯುತ್ತಾರೆ. ಜರ್ಮನಿ ಹಾಗೇ ನಂಬಿತ್ತು. 1970ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಅನಿಲದ ಒಪ್ಪಂದ ಮಾಡಿಕೊಂಡಿತು, ತಾನು ಪೈಪ್ ಕೊಡುವುದು, ಅವರು ಅನಿಲ ಕೊಡುವುದು. 2011ರಲ್ಲಿ ಸಮುದ್ರದಡಿ ನೇರ ಕೊಳವೆಯೂ ಬಂತು. 2021ರ ಹೊತ್ತಿಗೆ ಜರ್ಮನಿ ಹೊರಗಿನಿಂದ ತರಿಸುವ ಅನಿಲದಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದ್ದು. 2022ರಲ್ಲಿ ಉಕ್ರೇನ್ ಮೇಲೆ ಯುದ್ಧ ಬಂದಾಗ ಆ ಕೊಳವೆ ಯುದ್ಧ ತಡೆಯಲಿಲ್ಲ, ಜರ್ಮನಿಯ ಕುತ್ತಿಗೆಗೆ ಬಂತು. ಕಲ್ಲಿದ್ದಲಿನ ಸಮುದಾಯಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಲ್ಲಿ ವಹಿ ಇಬ್ಬರ ಕೈಯಲ್ಲೂ ಇತ್ತು, ಮೇಲೆ ಒಂದು ಅಧಿಕಾರ ಇತ್ತು, ನ್ಯಾಯಾಲಯ ಇತ್ತು. ಇಲ್ಲಿ ಇದ್ದದ್ದು ಬರೀ ಕೊಳವೆ. ನಲ್ಲಿ ಒಬ್ಬನ ಕೈಯಲ್ಲಿ, ಬಾಯಾರಿಕೆ ಇನ್ನೊಬ್ಬನದು.

ನೆಂಟಸ್ತನವೂ ಸಾಲುವುದಿಲ್ಲ. ಇದಕ್ಕೆ ಯುರೋಪಿಗೆ ಹೋಗಬೇಕಿಲ್ಲ, ನಮ್ಮ ಕಲಬುರಗಿ ಕೋಟೆಯ ಚರಿತ್ರೆ ನೋಡಿ. ರಾಯಚೂರು ದೋಆಬಿಗಾಗಿ ಬಹಮನಿಗಳು ಮತ್ತು ವಿಜಯನಗರದವರು ಮತ್ತೆ ಮತ್ತೆ ಹೊಡೆದಾಡಿದರು. ಫಿರೋಜ್ ಷಾ ಬಹಮನಿ ದೇವರಾಯನ ಮಗಳನ್ನು ಮದುವೆಯಾದ ಅಂತ ಆ ಕಾಲದ ಬಗ್ಗೆ ಬರೆದವರು ಹೇಳುತ್ತಾರೆ. ಮದುವೆ ಊಟ ಅರಗಿ ಕೆಲವು ವರ್ಷಕ್ಕೆ ಮತ್ತೆ ಯುದ್ಧ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಅಷ್ಟು ಒಳ್ಳೆ ಎರೆ ಭೂಮಿಯ ಕಂದಾಯವನ್ನು ಇಬ್ಬರೂ ಒಂದು ಕಡೆ ಕೂತು ಲೆಕ್ಕ ಹಾಕಿದ್ದರೆ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಈಗ ನಿಮ್ಮ ಅಪ್ಪನ ಪ್ರಶ್ನೆ. ಅವರಿಗೆ ಹೀಗೆ ಹೇಳಿ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ನಿಜ. ಆದರೆ ಗಂಜ್‌ನಲ್ಲಿ ಸವಾಲು ಕೂಗುವಾಗ ಬರುವ ದರ ಬರೀ ಇಲ್ಲಿನ ಮಳೆಯಿಂದ ಆಗುವುದಿಲ್ಲ. 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ಬೇಳೆಕಾಳಿನ ಒಪ್ಪಂದ ಮಾಡಿಕೊಂಡಿತು. ಆಮದು ಹಂತ ಹಂತವಾಗಿ ವರ್ಷಕ್ಕೆ 2 ಲಕ್ಷ ಟನ್ ಮುಟ್ಟಬೇಕು ಅಂತ. 2021ರಲ್ಲಿ ಮಲಾವಿಯಿಂದ 50 ಸಾವಿರ ಟನ್ ತೊಗರಿ, ಮ್ಯಾನ್ಮಾರ್‌ನಿಂದ 1 ಲಕ್ಷ ಟನ್ ತೊಗರಿ ಮತ್ತು 2.5 ಲಕ್ಷ ಟನ್ ಉದ್ದು ತರುವ ಒಪ್ಪಂದಗಳಾದವು. ಅದೇ ವರ್ಷ ಮೇ ತಿಂಗಳಲ್ಲಿ ತೊಗರಿ ಆಮದಿನ ಮೇಲಿನ ಮಿತಿಯನ್ನೂ ತೆಗೆದರು. ಈ ದೇಶಗಳು ನಮ್ಮ ವೈರಿಗಳಲ್ಲ. ಆದರೂ ಕೆಲಸ ಮಾಡುವ ರೀತಿ ಅದೇ. ದೆಹಲಿಯಲ್ಲಿ ಒಂದು ಸಹಿ, ಮುಂಬೈ ಬಂದರಿನಲ್ಲಿ ಒಂದು ಹಡಗು, ಕಲಬುರಗಿ ಗಂಜ್‌ನಲ್ಲಿ ಕ್ವಿಂಟಲ್ ಮೇಲೆ ಇಳಿದ ದರ. ಬೆಂಗಳೂರಿನಲ್ಲಿ ಬೇಳೆ ಕೊಳ್ಳುವವರಿಗೆ ಅಗ್ಗ ಆಗಬೇಕು, ಅದು ತಪ್ಪಲ್ಲ. ಆಫ್ರಿಕಾದ ಸಣ್ಣ ರೈತನಿಗೂ ಗಿರಾಕಿ ಬೇಕು, ಅದೂ ತಪ್ಪಲ್ಲ.

ತಪ್ಪು ಇರುವುದು ಬೇರೆ ಕಡೆ. ಮೊದಲೇ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಬೆಲ್ಜಿಯಂ ಗಣಿಯ ಮಾತು? ಅಲ್ಲಿ ಮಾರುಕಟ್ಟೆ ತೆರೆದ ಒಪ್ಪಂದದಲ್ಲೇ ಸೋಲುವವರ ಪಾಲು ಬರೆದಿದ್ದರು. ನಮ್ಮ ಬೇಳೆಕಾಳಿನ ಒಪ್ಪಂದಗಳಲ್ಲಿ ಅಂಥ ಸಾಲು ಇಲ್ಲ. ಬೆಂಬಲ ಬೆಲೆ ಇದೆ, ಖರೀದಿ ಕೇಂದ್ರ ಇದೆ, ಸರಿ. ಆದರೆ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಾಲ ತೀರಿಸಬೇಕಾದ ರೈತ ಅಡತಿಗೆ ಮಾರಿ ಆಗಿರುತ್ತದೆ. ನೆಟೆ ರೋಗ ಬಂದ ವರ್ಷವೂ ಹಡಗು ಬರುತ್ತದೆ, ಬಂಪರ್ ಬೆಳೆ ಬಂದ ವರ್ಷವೂ ಬರುತ್ತದೆ. ಬೇಳೆ ಆಮದಿನಿಂದ ಉಳಿಯುವ ಅಥವಾ ಬರುವ ಹಣದಲ್ಲಿ ಒಂದು ಪಾಲು ತೊಗರಿ ಬೆಳೆಯುವ ಜಿಲ್ಲೆಗಳಿಗೆ ಕಾನೂನಿನಿಂದಲೇ ಬರಬೇಕು. ಕಲಬುರಗಿ, ಬೀದರ್, ಯಾದಗಿರಿಯ ರೈತರು ಕೇಳಬೇಕಾದ್ದು ಇದನ್ನು ಅಂತ ನನ್ನ ಗಟ್ಟಿ ನಂಬಿಕೆ. ಆಮದು ನಿಲ್ಲಿಸಿ ಅಂತ ಕೂಗಿದರೆ ಒಂದು ವರ್ಷ ನಿಲ್ಲಿಸುತ್ತಾರೆ, ಮರುವರ್ಷ ಬೇಳೆ ದರ ಏರಿದ ಕೂಡಲೇ ತೆರೆಯುತ್ತಾರೆ. ಒಪ್ಪಂದದೊಳಗೆ ಬರೆದ ಪಾಲನ್ನು ಅಷ್ಟು ಸುಲಭವಾಗಿ ಅಳಿಸಲು ಬರುವುದಿಲ್ಲ.

ನೀವು ಪರೀಕ್ಷೆ ಬರೆಯುವವರು, ಹಾಗಾಗಿ ಇನ್ನೊಂದು ವಿಷಯದ ಮೇಲೆ ಕಣ್ಣಿಡಿ. ಭಾರತ ಮತ್ತು ಬಾಂಗ್ಲಾದೇಶದ ಗಂಗಾ ನೀರಿನ ಒಪ್ಪಂದಕ್ಕೆ 1996ರ ಡಿಸೆಂಬರ್ 12ರಂದು ಸಹಿ ಆಯಿತು. ಅದರ 30 ವರ್ಷದ ಅವಧಿ ಮುಗಿಯುವುದು 2026ರ ಡಿಸೆಂಬರ್‌ಗೆ. ಜನವರಿಯಿಂದ ಮೇ ತನಕ ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿನಲ್ಲಿ ನೀರು ಹಂಚುವ ಕ್ರಮ ಅದರಲ್ಲಿದೆ. ಹತ್ತು ಹತ್ತು ದಿನದ ಲೆಕ್ಕ. ಹರಿವು 70 ಸಾವಿರ ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅರ್ಧ ಅರ್ಧ. ನೀರು ತೀರಾ ಕಡಿಮೆಯಾಗುವ ಮಾರ್ಚ್ 11ರಿಂದ ಮೇ 10ರ ನಡುವೆ, ಹತ್ತು ದಿನ ಒಬ್ಬರಿಗೆ 35 ಸಾವಿರ ಕ್ಯೂಸೆಕ್ ಖಾತ್ರಿ, ಮುಂದಿನ ಹತ್ತು ದಿನ ಇನ್ನೊಬ್ಬರಿಗೆ. ಪಾಳಿ! ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟೆ. ತವರಿನ ಮೋಟಾರ್ ಕೋಣೆ ಕಣ್ಣಿಗೆ ಬಂತು. ಫರಕ್ಕಾದಲ್ಲಿ ಮತ್ತು ಬಾಂಗ್ಲಾದ ಹಾರ್ಡಿಂಜ್ ಸೇತುವೆಯ ಹತ್ತಿರ ಎರಡೂ ದೇಶದವರ ಜಂಟಿ ತಂಡ ದಿನವೂ ಹರಿವು ಅಳೆದು ಬರೆಯುತ್ತದೆ.

ಆ ಒಪ್ಪಂದ ಮುಂದುವರಿಯುವ, ಬದಲಾಗುವ ಸುದ್ದಿ ಬಂದಾಗ ನಾಯಕರು ಏನು ಹೇಳಿದರು ಅನ್ನುವುದನ್ನು ಆಮೇಲೆ ಓದಿ. ಮೊದಲು ಮೂರು ವಿಷಯ ಹುಡುಕಿ: ನೀರು ಅಳೆಯುವವರು ಯಾರು, ಆ ಅಂಕಿ ಯಾರ ಯಾರ ಕೈಗೆ ಹೋಗುತ್ತದೆ, ನಷ್ಟ ಆದವನಿಗೆ ಕೊಡುವವರು ಯಾರು. ಈ ಮೂರಕ್ಕೆ ಉತ್ತರ ಸಿಕ್ಕರೆ ನನಗೂ ಬರೆದು ತಿಳಿಸಿ. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.